ಬೆಣ್ಣೆ ದೋಸೆಯ ಹಾಗೆ ಪಿಜ್ಜಾ ಏಕೆ ಸಿಗುವುದಿಲ್ಲ?

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ನಾಲ್ಕು ಜನ. ಶುಕ್ರವಾರ ಬಂತೆಂದರೆ ಮಕ್ಕಳಿಬ್ಬರೂ ಪಿಜ್ಜಾ ಬೇಕೆನ್ನುತ್ತಾರೆ. ದೊಡ್ಡ ಕಂಪನಿಯ ಅಂಗಡಿಯಿಂದ ತರಿಸಿದರೆ ಎಂಟುನೂರು ಒಂಬೈನೂರು ರೂಪಾಯಿ ಆಗುತ್ತದೆ. ಪಕ್ಕದ ಬೇಕರಿಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ, ಆದರೆ ಒಣ ಬ್ರೆಡ್ಡಿಗೆ ಕೆಚಪ್ ಸವರಿ ಮೇಲೆ ರಬ್ಬರ್ ಹಾಸಿದಂತಿರುತ್ತದೆ. ನಮ್ಮೂರಿನಲ್ಲಿ ಬೆಣ್ಣೆ ದೋಸೆಯನ್ನು ಎಷ್ಟು ಸಣ್ಣ ಹೋಟೆಲಿನಲ್ಲಿ ತಿಂದರೂ ಚೆನ್ನಾಗಿರುತ್ತದೆ, ಜೇಬಿಗೂ ಹೊರೆಯಲ್ಲ. ಪಿಜ್ಜಾ ಮಾತ್ರ ಏಕೆ ಹೀಗೆ? ನೂರೈವತ್ತು ರೂಪಾಯಿಯೊಳಗೆ ಒಳ್ಳೆಯ ಪಿಜ್ಜಾ ಸಾಧ್ಯವೇ ಇಲ್ಲವೇ?

ಉತ್ತರ: ಸಾಧ್ಯ. ನೂರೈವತ್ತು ಎಂಬುದನ್ನು ನೀವು ಅಂದಾಜಿಗೆ ಬರೆದಿರಬಹುದು, ಆದರೆ ನನ್ನ ಲೆಕ್ಕವೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಆ ಲೆಕ್ಕವನ್ನು ಮುಂದೆ ಬಿಡಿಸಿ ತೋರಿಸುತ್ತೇನೆ. ಬೇಕರಿ ಕೆಲಸ ಕಲಿಸುತ್ತಲೇ ಮೂರು ದಶಕ ಕಳೆದ ನನಗೆ ನಿಮ್ಮ ಪತ್ರದಲ್ಲಿ ಬಹಳ ಹಿಡಿಸಿದ್ದು ಬೆಣ್ಣೆ ದೋಸೆಯ ಮಾತು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಆ ದೋಸೆ ಹೋಟೆಲಿನ ಒಲೆಯ ಮುಂದೆ.

ಒಂದು ಬೆಳಿಗ್ಗೆ ಅಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟು ರಾತ್ರಿಯಿಡೀ ಕುಳಿತು ಹುದುಗು ಬಂದಿದೆ. ಒಲೆ ಬೆಳಿಗ್ಗೆ ಹೊತ್ತಿಕೊಂಡರೆ ಗಿರಾಕಿಗಳು ಕರಗುವ ತನಕ ಆರುವುದಿಲ್ಲ, ಕಾವಲಿ ತಣ್ಣಗಾಗಲು ಪುರುಸೊತ್ತೇ ಇಲ್ಲ. ಮಾಡುವುದು ಮೂರೋ ನಾಲ್ಕೋ ಬಗೆ. ಬೆಣ್ಣೆ ದುಬಾರಿ ಪದಾರ್ಥವೇ, ಆದರೆ ಒಂದು ದೋಸೆಗೆ ಹೋಗುವುದು ಒಂದು ಮುದ್ದೆ ಅಷ್ಟೆ. ಕಾವಲಿಯಿಂದ ಎದ್ದ ದೋಸೆ ನೇರವಾಗಿ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ನಡುವೆ ಡಬ್ಬಿ ಇಲ್ಲ, ಬೈಕಿಲ್ಲ, ಅರ್ಧ ಗಂಟೆಯ ಪ್ರಯಾಣವಿಲ್ಲ. ಗಿರಾಕಿ ತಿಂದು ಏಳುತ್ತಾನೆ, ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಹುದುಗುವುದಕ್ಕೆ ಸಮಯ, ಆರದ ಬೆಂಕಿ, ಕೆಲವೇ ಬಗೆ, ಬಿಡುವಿಲ್ಲದ ಗಿರಾಕಿ. ಜಗತ್ತಿನಲ್ಲಿ ಎಲ್ಲೆಲ್ಲಿ ಪಿಜ್ಜಾ ಅಗ್ಗವಾಗಿಯೂ ರುಚಿಯಾಗಿಯೂ ಇದೆಯೋ ಅಲ್ಲೆಲ್ಲ ಈ ನಾಲ್ಕೂ ಇವೆ. ನಮ್ಮಲ್ಲಿ ಪಿಜ್ಜಾದ ಪಾಲಿಗೆ ಈ ನಾಲ್ಕರಲ್ಲಿ ಒಂದೂ ಕೂಡಿಬರಲಿಲ್ಲ.

ಇಟಲಿಯ ನೇಪಲ್ಸ್ ನಗರವನ್ನೇ ತೆಗೆದುಕೊಳ್ಳಿ. ಪಿಜ್ಜಾ ಅಲ್ಲಿ ಹುಟ್ಟಿದ್ದು ಹಬ್ಬದೂಟವಾಗಿ ಅಲ್ಲ. ಬಂದರಿನಲ್ಲಿ ಮೂಟೆ ಹೊರುವವರ, ಬೀದಿಯಲ್ಲೇ ದಿನ ಕಳೆಯುವವರ ಹೊಟ್ಟೆ ತುಂಬಿಸುವ ತಿಂಡಿಯಾಗಿ. ಹಿಟ್ಟು, ಬೆಳ್ಳುಳ್ಳಿ, ಹಂದಿಯ ಕೊಬ್ಬು, ಉಪ್ಪು, ಆಮೇಲಾಮೇಲೆ ಟೊಮೆಟೊ. ಎಣ್ಣೆಯಲ್ಲಿ ಕರಿದ ಪಿಜ್ಜಾವನ್ನು ಅಲ್ಲಿ ‘ಇಂದು ತಿಂದು ಎಂಟನೆಯ ದಿನಕ್ಕೆ ಕೊಡು’ ಎಂಬ ಸಾಲದ ಲೆಕ್ಕದಲ್ಲಿ ಮಾರುತ್ತಿದ್ದರು. ನಮ್ಮ ಹಳ್ಳಿಗಳ ಕಿರಾಣಿ ಅಂಗಡಿಯ ಖಾತೆ ಪುಸ್ತಕದಂಥದ್ದೇ ಅದು. ಈಗಲೂ ನೇಪಲ್ಸಿನ ಬೀದಿಯಲ್ಲಿ ಸಣ್ಣ ಪಿಜ್ಜಾವನ್ನು ನಾಲ್ಕಾಗಿ ಮಡಚಿ, ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ, ನಡೆಯುತ್ತಲೇ ತಿನ್ನುತ್ತಾರೆ. ಅಲ್ಲಿನ ಪಿಜ್ಜಾ ತಟ್ಟುವವರ ಕಸುಬನ್ನು 2017ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಂದದ್ದು ದುಬಾರಿ ಪದಾರ್ಥಗಳಿಗಲ್ಲ, ಕೈಗಳಿಗೆ. ಅವರ ಕಟ್ಟಿಗೆ ಒಲೆಯ ಒಳಗೆ 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ, ಪಿಜ್ಜಾ ಬೇಯುವುದು ಒಂದರಿಂದ ಒಂದೂವರೆ ನಿಮಿಷದಲ್ಲಿ. ಅಂದರೆ ಒಂದು ದೋಸೆಗಿಂತಲೂ ಬೇಗ. ಒಂದೇ ಒಲೆ ಗಂಟೆಗೆ ನೂರಕ್ಕಿಂತ ಹೆಚ್ಚು ಜನರಿಗೆ ಉಣಿಸಬಲ್ಲದು. ಬೆಲೆ ಕೈಗೆಟುಕುವುದರ ಗುಟ್ಟು ಅರ್ಧ ಅಲ್ಲೇ ಇದೆ.

ನ್ಯೂಯಾರ್ಕ್ ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿತು. ದೊಡ್ಡದೊಂದು ಪಿಜ್ಜಾ ಬೇಯಿಸಿ, ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆಯಾಗಿ ಮಾರುವುದು. ಗಿರಾಕಿ ಬಂದಾಗ ಆ ತುಂಡನ್ನು ಮತ್ತೆ ಎರಡು ನಿಮಿಷ ಒಲೆಗೆ ತಳ್ಳಿ ಬಿಸಿ ಮಾಡಿ ಕೊಡುವುದು. ಅಂಗಡಿಯಲ್ಲಿ ಕುರ್ಚಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆ ತುಂಡಿನ ಬೆಲೆ ಮತ್ತು ಸುರಂಗ ರೈಲಿನ ಟಿಕೆಟ್ ದರ ಜೊತೆಜೊತೆಯಾಗಿಯೇ ಏರುತ್ತವೆ ಎಂಬ ಮಾತೊಂದು 1980ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಪ್ರಕಟವಾಗಿ, ಊರಿನವರ ನಾಲಿಗೆಯ ಮೇಲೆ ಉಳಿದುಬಿಟ್ಟಿತು. ದಿನವೂ ಕೆಲಸಕ್ಕೆ ಹೋಗುವವನ ಚಿಲ್ಲರೆ ಕಾಸಿನ ಜೊತೆ ಹೋಲಿಸುವಷ್ಟು ದಿನನಿತ್ಯದ ತಿಂಡಿಯಾಗಿತ್ತು ಅದು.

ಇದನ್ನು ಓದುವಾಗ ನಿಮಗೆ ಬೆಂಗಳೂರಿನ ದರ್ಶಿನಿ ನೆನಪಾಗಬೇಕು. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ತೆರೆದಾಗ ಅದು ಮಾಡಿದ್ದು ಇದನ್ನೇ: ಸ್ಟೀಲಿನ ಕೌಂಟರ್, ಟೋಕನ್, ನಿಂತು ತಿನ್ನುವ ಎತ್ತರದ ಮೇಜು. ಕುಳಿತು ತಿನ್ನುವ ಹೋಟೆಲಿನ ಖರ್ಚನ್ನು ಕಿತ್ತುಹಾಕಿ, ಉಳಿದ ಹಣವನ್ನು ಗಿರಾಕಿಗೇ ಬಿಟ್ಟುಕೊಟ್ಟರು. ಇಡ್ಲಿ ವಡೆ ಹಳೆಯದೇ, ಮಾರುವ ಬಗೆ ಹೊಸದು.

ನಮ್ಮಲ್ಲಿ ಪಿಜ್ಜಾಕ್ಕೆ ಈ ಭಾಗ್ಯ ಬರಲಿಲ್ಲ. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲೇ ತೆರೆಯಿತು. ಅದೇ ವರ್ಷ ಡಾಮಿನೋಸ್ ದೆಹಲಿಯಲ್ಲಿ ಶುರುವಾಯಿತು. ಹವಾನಿಯಂತ್ರಿತ ಕೋಣೆ, ಹುಟ್ಟುಹಬ್ಬದ ಸಂಜೆ, ಮನೆ ಬಾಗಿಲಿಗೆ ಬರುವ ಡಬ್ಬಿ: ಪಿಜ್ಜಾ ನಮ್ಮ ಮನಸ್ಸಿನಲ್ಲಿ ಕುಳಿತದ್ದು ಹಾಗೆ. ಬಡವರ ತಿಂಡಿಯಾಗಿ ಹುಟ್ಟಿದ್ದು ನಮ್ಮಲ್ಲಿಗೆ ನೆಂಟರ ವೇಷದಲ್ಲಿ ಬಂತು, ನೆಂಟರಾಗಿಯೇ ಉಳಿಯಿತು. ಆ ಕಂಪನಿಗಳು ತಪ್ಪು ಮಾಡಿದವು ಎಂದು ನಾನು ಹೇಳುತ್ತಿಲ್ಲ. ಊರೂರಿಗೂ ಒಂದೇ ರುಚಿಯ, ಶುಚಿಯಾದ ಪಿಜ್ಜಾ ಮುಟ್ಟಿಸುವುದು ಸಣ್ಣ ಸಾಹಸವಲ್ಲ. ಆದರೆ ಅವರ ಬೆಲೆಯಲ್ಲಿ ಜಾಹೀರಾತು, ಬೈಕು, ಶೀತಲ ಲಾರಿ, ಮುಖ್ಯ ರಸ್ತೆಯ ಬಾಡಿಗೆ ಎಲ್ಲವೂ ಸೇರಿರುತ್ತವೆ. ಊರಿನ ಸಣ್ಣ ಅಂಗಡಿಯವನು ಆ ಖರ್ಚುಗಳಿಲ್ಲದಿದ್ದರೂ ಅವರನ್ನೇ ನೋಡಿ ಅಂಗಡಿ ಕಟ್ಟುತ್ತಾನೆ, ಅವರ ಹಾಗೆಯೇ ಮೂವತ್ತು ಬಗೆಯ ಪಟ್ಟಿ ತೂಗುಹಾಕುತ್ತಾನೆ. ಅಲ್ಲಿಂದ ಅವನ ಕಷ್ಟ ಶುರು.

ಈಗ ಲೆಕ್ಕಕ್ಕೆ ಬರೋಣ. ಒಂಬತ್ತು ಅಂಗುಲದ ಒಂದು ಪಿಜ್ಜಾ, ಒಬ್ಬರ ಹೊಟ್ಟೆ ತುಂಬುವಷ್ಟು. ಇನ್ನೂರು ಗ್ರಾಂ ಕಲಸಿದ ಹಿಟ್ಟಿಗೆ 120 ಗ್ರಾಂ ಮೈದಾ ಬೇಕು, ಆರು ರೂಪಾಯಿ ಎನ್ನಿ. ಈಸ್ಟ್, ಉಪ್ಪು, ಎಣ್ಣೆಗೆ ಎರಡು ರೂಪಾಯಿ. ಟೊಮೆಟೊ ಸಾಸಿಗೆ ಆರು. ಈರುಳ್ಳಿ, ದೊಣ್ಣೆ ಮೆಣಸಿನಕಾಯಿಗೆ ಇನ್ನೊಂದು ಆರು. ನಿಜವಾದ ಮೊಝರೆಲ್ಲಾ ಚೀಸ್ 70 ಗ್ರಾಂ. ಸಗಟು ಬೆಲೆ ಕಿಲೋಗೆ 480ರ ಸುಮಾರು ಎಂದುಕೊಂಡರೆ ಮೂವತ್ತನಾಲ್ಕು ರೂಪಾಯಿ. ಒಲೆಯ ಖರ್ಚು ಐದು. ಎಲ್ಲ ಸೇರಿ ಅರವತ್ತರೊಳಗೆ. ಬೆಲೆಗಳು ಊರಿಂದೂರಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ಚಿತ್ರ ಬದಲಾಗುವುದಿಲ್ಲ: ಪದಾರ್ಥದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀಸ್ ಒಂದರದ್ದೇ.

ಅಂಗಡಿಯ ಖರ್ಚು ಬೇರೆ. ಇಬ್ಬರು ಕೆಲಸಗಾರರಿಗೆ ತಿಂಗಳಿಗೆ ಮೂವತ್ತಾರು ಸಾವಿರ, ಬಾಡಿಗೆ ಹದಿನೈದು ಸಾವಿರ, ಕರೆಂಟು, ನೀರು, ರಿಪೇರಿ ಇತ್ಯಾದಿಗೆ ಹತ್ತು ಸಾವಿರ ಇಟ್ಟುಕೊಳ್ಳಿ. ಒಟ್ಟು ಅರವತ್ತೊಂದು ಸಾವಿರ. ತಿಂಗಳಲ್ಲಿ ಇಪ್ಪತ್ತಾರು ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 2,350 ರೂಪಾಯಿ. ಇಲ್ಲಿ ದಯವಿಟ್ಟು ಗಮನ ಕೊಡಿ. ದಿನಕ್ಕೆ ಅರವತ್ತು ಪಿಜ್ಜಾ ಹೋದರೆ ಈ ಖರ್ಚು ಒಂದೊಂದರ ಮೇಲೆ ಬೀಳುವುದು ಮೂವತ್ತೊಂಬತ್ತು ರೂಪಾಯಿ. ಹನ್ನೆರಡೇ ಹೋದರೆ ನೂರ ತೊಂಬತ್ತಾರು. ಮೊದಲ ಅಂಗಡಿಯವನು ಲಾಭ, ತೆರಿಗೆ ಎಲ್ಲ ಸೇರಿಸಿ ನೂರ ಮೂವತ್ತಕ್ಕೆ ನಿಜವಾದ ಚೀಸಿನ ಪಿಜ್ಜಾ ಕೊಡಬಲ್ಲ. ಎರಡನೆಯವನು ಇನ್ನೂರೈವತ್ತಕ್ಕೆ ಕೊಟ್ಟರೂ ಕೈಯಿಂದ ಹಾಕಬೇಕು. ಹಾಗಾಗಿ ಅವನು ಎರಡರಲ್ಲಿ ಒಂದು ಮಾಡುತ್ತಾನೆ: ಬೆಲೆ ಏರಿಸುತ್ತಾನೆ, ಅಥವಾ ಚೀಸ್ ಬದಲಿಸುತ್ತಾನೆ. ನೀವು ತಿಂದ ರಬ್ಬರ್ ಹುಟ್ಟುವುದು ಈ ಲೆಕ್ಕದಿಂದ. ಬೇಕರಿಯವರಿಗೆ ರುಚಿ ಗೊತ್ತಿಲ್ಲವೆಂದು ಅಲ್ಲ.

ಮೊಬೈಲ್ ಆ್ಯಪ್ ಮೂಲಕ ಮಾರಿದರೆ ಇನ್ನೊಂದು ಹೊರೆ. ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಕಮಿಷನ್ ಹೋಗುತ್ತದೆ, ರಟ್ಟಿನ ಡಬ್ಬಿಗೆ ಹತ್ತು ಹನ್ನೆರಡು ರೂಪಾಯಿ. ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ ಹಾಕದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಕಬೇಕೆಂದರೆ ಮೂಲ ಬೆಲೆಯನ್ನೇ ಮೊದಲು ಏರಿಸಬೇಕು. ರಿಯಾಯಿತಿ ಇಲ್ಲದ ದಿನ ಒಂದೇ ಪಿಜ್ಜಾ ಕೊಳ್ಳುವವನು ಆ ಏರಿಸಿದ ಬೆಲೆಯನ್ನು ಪೂರ್ತಿ ತೆರುತ್ತಾನೆ. ದಿನನಿತ್ಯದ ಗಿರಾಕಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ತೆರಿಗೆ ಇಳಿದರೆ ಬೆಲೆ ಇಳಿಯುವುದೇ ಎಂದು ಹಲವರು ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಪಿಜ್ಜಾ ಬ್ರೆಡ್ ಮೇಲಿದ್ದ ಶೇ 5 ಪೂರ್ತಿ ಹೋಯಿತು. ಒಳ್ಳೆಯದೇ. ಆದರೆ ಮೇಲಿನ ಲೆಕ್ಕದಲ್ಲಿ ಒಂದು ಪಿಜ್ಜಾಕ್ಕೆ ಅದರಿಂದ ಉಳಿಯುವುದು ಎರಡು ರೂಪಾಯಿ. ಗಿರಾಕಿಗಳ ಸಂಖ್ಯೆ ಮಾಡುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ.

ಚೀಸ್ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕಿಲೋ ಮೊಝರೆಲ್ಲಾ ಆಗಬೇಕಾದರೆ ಸುಮಾರು ಹತ್ತು ಲೀಟರ್ ಹಸುವಿನ ಹಾಲು ಬೇಕು. ಎಮ್ಮೆ ಹಾಲಾದರೆ ಸ್ವಲ್ಪ ಕಡಿಮೆ ಸಾಕು. ಹಾಲಿನ ದರ ನಿಮಗೇ ಗೊತ್ತು. ಹಾಗಿರುವಾಗ ಕಿಲೋಗೆ ಇನ್ನೂರು ರೂಪಾಯಿಯ ‘ಚೀಸ್’ ಹೇಗೆ ಬಂತು ಎಂದು ನೀವು ಕೇಳಲೇಬೇಕು. ಅದು ಚೀಸ್ ಅಲ್ಲ, ಚೀಸ್ ಅನಲಾಗ್. ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು, ಪಿಷ್ಟ, ಸ್ವಲ್ಪ ಹಾಲಿನ ಪ್ರೋಟೀನ್, ಎಣ್ಣೆ ನೀರು ಬೇರ್ಪಡದಂತೆ ಹಿಡಿದಿಡುವ ಲವಣಗಳು ಸೇರಿ ಆದದ್ದು. ವಿಷವಲ್ಲ, ಮಾರುವುದು ಅಪರಾಧವೂ ಅಲ್ಲ. ಆದರೆ ಅದನ್ನು ಹಾಗೆಂದೇ ಹೆಸರಿಸಿ ಮಾರಬೇಕು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಆ ಪದ ಇದ್ದೇ ಇರುತ್ತದೆ. ಪಿಜ್ಜಾ ಆಗಿ ನಿಮ್ಮ ತಟ್ಟೆಗೆ ಬಂದಾಗ ಮಾತ್ರ ಆ ಪೊಟ್ಟಣ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ನಿಜವಾದ ಮೊಝರೆಲ್ಲಾ ಎಳೆ ಬಿಡುವುದೇಕೆ? ಹಾಲೊಡೆದಾಗ ಬರುವ ಗಟ್ಟಿ ಭಾಗವನ್ನು ಹದವಾದ ಹುಳಿಗೆ ತಂದು, ಬಿಸಿನೀರಿನಲ್ಲಿ ಅದ್ದಿ, ಎಳೆದು ಎಳೆದು ನಾದುತ್ತಾರೆ. ಆಗ ಹಾಲಿನ ಪ್ರೋಟೀನ್ ಎಲ್ಲ ಒಂದೇ ದಿಕ್ಕಿನ ನಾರುಗಳಾಗಿ ಸಾಲುಗಟ್ಟುತ್ತದೆ. ಬೆಂದಾಗ ಆ ನಾರು ಮೆತ್ತಗಾಗಿ ಎಳೆಯಾಗುತ್ತದೆ, ಕಚ್ಚಿದರೆ ಹಾಲಿನ ಸಿಹಿ ಬರುತ್ತದೆ. ಅನಲಾಗ್ ಕರಗಿದಾಗ ಹೊಳೆಯುವ ಪೇಸ್ಟ್ ಆಗುತ್ತದೆ, ಆರಿದರೆ ಪದರವಾಗಿ ಎದ್ದುಬರುತ್ತದೆ. ಮನೆಯಲ್ಲಿ ಅನುಮಾನ ಬಂದರೆ ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಒಂದು ತೊಟ್ಟನ್ನು ಚೀಸ್ ಚೂರಿನ ಮೇಲೆ ಹಾಕಿ. ಪಿಷ್ಟ ಇದ್ದರೆ ಕಡುನೀಲಿ ಬಣ್ಣಕ್ಕೆ ತಿರುಗುತ್ತದೆ. ಆದರೆ ತುರಿದು ಮಾರುವ ಅಸಲಿ ಚೀಸಿಗೂ ಅಂಟಿಕೊಳ್ಳದಿರಲೆಂದು ಪಿಷ್ಟ ಉದುರಿಸುವುದುಂಟು. ಆದ್ದರಿಂದ ಗಟ್ಟಿಯನ್ನು ಕೊಯ್ದು ಒಳಭಾಗವನ್ನು ಪರೀಕ್ಷಿಸಿ. ಆ ಚೂರನ್ನು ತಿನ್ನಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಅನಲಾಗ್ ನೂರೈವತ್ತು ಗ್ರಾಂ ಸುರಿದ ಪಿಜ್ಜಾಕ್ಕಿಂತ ಅಸಲಿ ಚೀಸ್ ಐವತ್ತು ಗ್ರಾಂ ಉದುರಿಸಿದ ಪಿಜ್ಜಾ ಎಷ್ಟೋ ಮೇಲು. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ. ಚೀಸಿನ ರಾಶಿ ಕಂಡರೆ ಮಾತ್ರ ಪಿಜ್ಜಾ ಎಂದು ನಮ್ಮ ಮಕ್ಕಳಿಗೆ ಜಾಹೀರಾತುಗಳು ಕಲಿಸಿಬಿಟ್ಟಿವೆ. ಅದು ಬಿಡಿಸಬೇಕಾದ ಪಾಠ. ಪಿಜ್ಜಾ ಎಂದರೆ ಮೊದಲು ರೊಟ್ಟಿ.

ಹೌದು, ರೊಟ್ಟಿ. ಬೇಕರಿಯ ಪಿಜ್ಜಾ ಸೋಲುವ ಜಾಗ ಅದೇ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುವ ಪಿಜ್ಜಾ ಬೇಸ್ ನೋಡಿದ್ದೀರಿ. ಅದನ್ನು ಹಿಟ್ಟು ಬೇಗ ಹದಕ್ಕೆ ಬರಲೆಂದು ಬೆರೆಸುವ ಇಂಪ್ರೂವರ್ ಎಂಬ ಪುಡಿ ಹಾಕಿ ಒಂದೆರಡು ಗಂಟೆಯಲ್ಲಿ ಉಬ್ಬಿಸಿ, ಅರೆಬೇಯಿಸಿ, ಆರಿಸಿ ಕಟ್ಟಿರುತ್ತಾರೆ. ಮೂರು ನಾಲ್ಕು ದಿನ ಅಂಗಡಿಯಲ್ಲಿ ಕುಳಿತು ಆಮೇಲೆ ಎರಡನೆಯ ಸಲ ಒಲೆಗೆ ಹೋಗುತ್ತದೆ. ಎರಡು ಸಲ ಬೆಂದ ಬ್ರೆಡ್ಡಿಗೆ ನಮ್ಮಲ್ಲಿ ಬೇರೆಯೇ ಹೆಸರಿದೆ: ರಸ್ಕ್. ಕಾಫಿಗೆ ಅದ್ದಿದರೆ ಚೆಂದ, ಪಿಜ್ಜಾಕ್ಕೆ ಅಲ್ಲ.

ಹಿಟ್ಟಿಗೆ ಸಮಯ ಕೊಟ್ಟರೆ ಏನಾಗುತ್ತದೆ ಎಂಬುದನ್ನು ದೋಸೆ ಹಿಟ್ಟು ರುಬ್ಬುವ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ರುಬ್ಬಿದ ತಕ್ಷಣ ಹೊಯ್ದ ದೋಸೆಗೂ ಮಾರನೆಯ ದಿನದ ದೋಸೆಗೂ ಇರುವ ಅಂತರವೇ ಇಲ್ಲೂ ಇದೆ. ಮೈದಾ ಹಿಟ್ಟಿನಲ್ಲಿ ಈಸ್ಟ್ ಕಡಿಮೆ ಹಾಕಿ, ತಣ್ಣಗೆ ಒಂದೆರಡು ದಿನ ಬಿಟ್ಟರೆ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತದೆ, ನವಿರಾದ ಹುಳಿ ಸೇರುತ್ತದೆ, ಜಿಗುಟು ತಾನೇ ಹದಕ್ಕೆ ಬರುತ್ತದೆ. ಆ ಸಕ್ಕರೆಯಿಂದಲೇ ಬೆಂದಾಗ ಮೇಲೆ ಕಂದು ಚುಕ್ಕೆಗಳೂ ಪರಿಮಳವೂ ಬರುವುದು. ನಮ್ಮ ಬೇಕರಿಗಳಲ್ಲಿ ಹಿಂದೆ ಹಿಟ್ಟನ್ನು ರಾತ್ರಿ ಕಲಸಿಟ್ಟು ಬೆಳಿಗ್ಗೆ ಬೇಯಿಸುವ ರೂಢಿ ಸಾಮಾನ್ಯವಾಗಿತ್ತು. ಅವಸರ ಬಂದಾಗ ರಾಸಾಯನಿಕಗಳು ಬಂದವು. ಅವುಗಳಲ್ಲಿ ಒಂದಾದ ಪೊಟ್ಯಾಸಿಯಂ ಬ್ರೊಮೇಟನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಷೇಧಿಸಿತು. ಅದು ಹೋಯಿತು, ಅವಸರ ಹೋಗಲಿಲ್ಲ.

ಇನ್ನೊಂದು ತೊಡಕು ಬೆಂಕಿ. ಬನ್ನು, ಕೇಕು ಬೇಯಿಸುವ ಒಲೆಯನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಪಿಜ್ಜಾಕ್ಕೆ ಕನಿಷ್ಠ 280, 300 ಬೇಕು. ಶಾಖ ಸಾಲದಿದ್ದರೆ ಹಿಟ್ಟು ಉಬ್ಬುವ ಮೊದಲೇ ಮೇಲ್ಮೈ ಒಣಗುತ್ತದೆ, ಚೀಸ್ ಎಣ್ಣೆ ಬಿಡುತ್ತದೆ. ಸಂಜೆ ಎರಡು ಪಿಜ್ಜಾ ಕೇಳುವ ಗಿರಾಕಿಗಾಗಿ ಯಾರೂ ಒಲೆಯನ್ನು ಅಷ್ಟು ಕಾಯಿಸಿ ಕೂರುವುದಿಲ್ಲ. ಮತ್ತೆ ಅದೇ ಮಾತಿಗೆ ಬಂದೆವು: ಗಿರಾಕಿ ಇಲ್ಲದೆ ಬೆಂಕಿ ಇಲ್ಲ, ಬೆಂಕಿ ಇಲ್ಲದೆ ರುಚಿ ಇಲ್ಲ, ರುಚಿ ಇಲ್ಲದೆ ಗಿರಾಕಿ ಇಲ್ಲ.

ಈ ಸುಳಿಯನ್ನು ಒಡೆದವರನ್ನೂ ನಾನು ನೋಡಿದ್ದೇನೆ. ನನ್ನ ಬಳಿ ಕೆಲಸ ಕಲಿತ ಹುಡುಗನೊಬ್ಬ ತಾಲ್ಲೂಕು ಕೇಂದ್ರವೊಂದರಲ್ಲಿ ಪಿಜ್ಜಾ ಅಂಗಡಿ ಇಟ್ಟ. ಮೊದಲ ವರ್ಷ ಪಟ್ಟಿಯಲ್ಲಿ ಮೂವತ್ತೆರಡು ಬಗೆ: ಪನೀರ್ ಟಿಕ್ಕಾ, ಜೋಳ, ಶೆಜ್ವಾನ್, ಇನ್ನೂ ಏನೇನೋ. ದಿನಕ್ಕೆ ಹತ್ತು ಹೋದರೆ ಹೆಚ್ಚು, ಫ್ರಿಜ್ ತುಂಬ ಬಾಡಿದ ತರಕಾರಿ. ಸಾಲ ತೀರಿಸಲಾಗದೆ ನನಗೆ ಫೋನು ಮಾಡಿದ. ನಾನು ಹೇಳಿದ್ದು ಹೆಚ್ಚೇನಲ್ಲ. ಮೂರೇ ಬಗೆ ಇಡು, ಸಂಜೆ ಐದರಿಂದ ಒಂಬತ್ತರವರೆಗೆ ಮಾತ್ರ ತೆರೆ, ಹಿಟ್ಟನ್ನು ಹಿಂದಿನ ದಿನವೇ ಕಲಸು, ಹದಿನಾರು ಅಂಗುಲದ್ದು ಬೇಯಿಸಿ ತುಂಡು ಮಾಡಿ ಮಾರು. ಬಸ್ ನಿಲ್ದಾಣದ ಎದುರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು ನಲವತ್ತು ರೂಪಾಯಿಗೆ ಒಂದು ತುಂಡು ತಿಂದು ಬಸ್ ಹತ್ತತೊಡಗಿದರು. ಅವನ ಅಂಗಡಿಯಲ್ಲಿ ಈಗಲೂ ಕುರ್ಚಿಗಳಿಲ್ಲ. ಒಲೆ ಮಾತ್ರ ನಾಲ್ಕು ಗಂಟೆ ಆರುವುದಿಲ್ಲ. ಆ ತುಂಡನ್ನು ಮೊದಲ ಸಲ ಕಚ್ಚಿದಾಗ ನನಗೆ ಆದ ಸಂತೋಷವನ್ನು ಮರೆತಿಲ್ಲ.

ನನ್ನ ಆಸೆ ಇರುವುದು ನಮ್ಮ ಅಯ್ಯಂಗಾರ್ ಬೇಕರಿಗಳ ಮೇಲೆ. ಹಾಸನದ ಕಡೆಯಿಂದ ಹೊರಟ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಈ ಕಸುಬು ಪರದೇಶದ ಬ್ರೆಡ್ಡಿಗೆ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೇರಿಸಿ ಖಾರಾ ಬನ್ ಮಾಡಿಕೊಂಡಿತು, ಅದನ್ನು ಕೂಲಿಯವನ ಕೈಗೂ ಎಟುಕುವ ಬೆಲೆಗೆ ಕೊಟ್ಟಿತು. ಹಿಟ್ಟು, ಒಲೆ, ಕೈ, ನಿಂತು ತಿನ್ನುವ ಗಿರಾಕಿ, ಎಲ್ಲವೂ ಅಲ್ಲಿ ಸಿದ್ಧವಾಗಿವೆ. ಕಟ್ಟಿಗೆಯ ಹಳೆಯ ಇಟ್ಟಿಗೆ ಒಲೆ ಇನ್ನೂ ಉಳಿದಿರುವ ಬೇಕರಿಯಾದರಂತೂ ಬೆಳಗಿನ ಬ್ರೆಡ್ಡಿಗೆ ಮೊದಲೇ ಒಲೆ ಪಿಜ್ಜಾದ ಶಾಖ ಮುಟ್ಟಬಲ್ಲದು. ಬೇಕಿರುವುದು ಪೊಟ್ಟಣದ ಬೇಸ್ ಬಿಟ್ಟು ತಮ್ಮದೇ ಹಿಟ್ಟನ್ನು ತಟ್ಟುವ ಮನಸ್ಸು, ಮತ್ತೆ ನಿಮ್ಮಂಥವರು ಹತ್ತು ಜನ ಅದನ್ನು ಬಾಯಿಬಿಟ್ಟು ಕೇಳುವುದು. ಅಲ್ಲಿಯ ತನಕ ಒಂದು ಉಪಾಯ: ಪರಿಚಯದ ಬೇಕರಿಯಲ್ಲಿ ಬ್ರೆಡ್ಡಿಗೆ ಕಲಸಿದ ಹಸಿ ಹಿಟ್ಟನ್ನೇ ಒಂದು ಕಿಲೋ ಕೇಳಿ ನೋಡಿ. ಎಷ್ಟೋ ಕಡೆ ಸಂತೋಷದಿಂದ ಕೊಡುತ್ತಾರೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೆ ಪೊಟ್ಟಣದ ಬೇಸಿಗಿಂತ ನೂರು ಪಾಲು ಮೇಲು.

ನೀವೇ ಕಲಸುವುದಾದರೆ ನಾಲ್ಕು ಜನಕ್ಕೆ ಅರ್ಧ ಕಿಲೋ ಮೈದಾ ಸಾಕು. ಪೊಟ್ಟಣದ ಹಿಂದೆ ಪ್ರೋಟೀನ್ ಪ್ರಮಾಣ ನೋಡಿ, ನೂರು ಗ್ರಾಮಿಗೆ ಹನ್ನೊಂದರ ಮೇಲಿದ್ದರೆ ಒಳ್ಳೆಯದು. ಮೈದಾ ಬಗ್ಗೆ ಅಳುಕಿದ್ದರೆ ಕಾಲು ಭಾಗ ಗೋಧಿ ಹಿಟ್ಟು ಸೇರಿಸಬಹುದು, ಅದಕ್ಕಿಂತ ಹೆಚ್ಚಾದರೆ ತೌಡು ಜಿಗುಟನ್ನು ಕತ್ತರಿಸಿಬಿಡುತ್ತದೆ. ನಿಮ್ಮ ಕಡೆ ಹುಗ್ಗಿಗೆ ಬಳಸುವ ಜವೆ ಗೋಧಿ ಇದಕ್ಕೆ ಹೊಂದುವುದಿಲ್ಲ, ಅದರ ಜಿಗುಟು ಬಹಳ ಕಡಿಮೆ. ಮೈದಾಕ್ಕೆ 300 ಮಿಲಿ ತಣ್ಣೀರು, ಹತ್ತು ಗ್ರಾಂ ಉಪ್ಪು, ಕಾಲು ಟೀ ಚಮಚ ಒಣ ಈಸ್ಟ್, ಒಂದು ದೊಡ್ಡ ಚಮಚ ಎಣ್ಣೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಎರಡು ಗಂಟೆ ಹೊರಗಿಟ್ಟು, ನಾಲ್ಕು ಉಂಡೆ ಮಾಡಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ. ಈಸ್ಟ್ ಕಡಿಮೆಯಾಯಿತೆಂದು ಅನ್ನಿಸುತ್ತದೆ, ಹೆಚ್ಚು ಹಾಕಬೇಡಿ.

ಟೊಮೆಟೊ ವಿಷಯದಲ್ಲಿ ನಾವು ಪುಣ್ಯವಂತರು. ಕೋಲಾರದ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಹದಿನೈದು ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ನೆನಪಿದೆ, ಆದರೆ ಅಂಥ ತಿಂಗಳುಗಳು ಅಪರೂಪ. ನಾಟಿ ಟೊಮೆಟೊ ಸಾರಿಗೆ ಚೆಂದ, ಪಿಜ್ಜಾಕ್ಕೆ ಹುಳಿಯೂ ನೀರೂ ಹೆಚ್ಚು. ಉದ್ದುದ್ದಾದ, ದಪ್ಪ ತಿರುಳಿನ ಹೈಬ್ರಿಡ್ ಹಣ್ಣನ್ನು ಪೂರ್ತಿ ಕೆಂಪಾಗುವ ತನಕ ಬುಟ್ಟಿಯಲ್ಲಿಟ್ಟು, ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು, ಕೈಯಲ್ಲಿ ಹಿಸುಕಿ ಜರಡಿಯಲ್ಲಿ ನೀರು ಸೋಸಿ. ಉಪ್ಪು, ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಬೆರೆಸಿದರೆ ಸಾಸ್ ಮುಗಿಯಿತು, ಕುದಿಸುವುದು ಬೇಡ. ಸೋಸಿದ ನೀರನ್ನು ರಾತ್ರಿಯ ಸಾರಿಗೆ ಹಾಕಿ. ಇಟಲಿಯವರು ಪಿಜ್ಜಾದ ಮೇಲೆ ಇಡುವ ಎಲೆ ಬೇರೆ ಯಾವುದೋ ಅಲ್ಲ, ಹೂವಾಡಗಿತ್ತಿಯರು ಮಾಲೆಗೆ ಸೇರಿಸುವ ಕಾಮಕಸ್ತೂರಿ. ಮಾಲೆಯ ಎಲೆಗೆ ಔಷಧಿ ಹೊಡೆದಿರಬಹುದು, ಹಾಗಾಗಿ ಕುಂಡದಲ್ಲಿ ಒಂದು ಗಿಡ ಬೆಳೆಸಿಕೊಳ್ಳಿ.

ಓವನ್ ಇಲ್ಲದಿದ್ದರೆ ಕೊರಗಬೇಡಿ. ದೋಸೆಯ ಬೀಡಿನ ಕಾವಲಿ ಅತ್ಯುತ್ತಮ ಪಿಜ್ಜಾ ಒಲೆ. ದಪ್ಪ ಕಬ್ಬಿಣ ಶಾಖವನ್ನು ಹಿಡಿದಿಟ್ಟುಕೊಂಡು ಹಿಟ್ಟಿಗೆ ಒಮ್ಮೆಗೇ ಕೊಡುತ್ತದೆ. ದುಬಾರಿ ಪಿಜ್ಜಾ ಕಲ್ಲುಗಳು ಮಾಡುವುದೂ ಅದನ್ನೇ. ನಾನ್‌ಸ್ಟಿಕ್ ತವಾ ಮಾತ್ರ ಬೇಡ, ಅಷ್ಟು ಶಾಖಕ್ಕೆ ಅದು ಆಗುವುದಿಲ್ಲ. ಕಾವಲಿಯನ್ನು ಐದಾರು ನಿಮಿಷ ಕಾಯಿಸಿ, ನೀರು ಚಿಮುಕಿಸಿದರೆ ಹನಿಗಳು ಉರುಳಾಡಬೇಕು. ಉಂಡೆಯನ್ನು ಬೆರಳಿನಿಂದ ತಟ್ಟಿ ಅಗಲಿಸಿ, ಲಟ್ಟಣಿಗೆ ಮುಟ್ಟಿಸಬೇಡಿ, ಒಳಗಿನ ಗಾಳಿಯೆಲ್ಲ ಹೋಗುತ್ತದೆ. ಎಣ್ಣೆ ಹಾಕದೆ ಕಾವಲಿಗೆ ಹಾಕಿ. ಎರಡು ನಿಮಿಷದಲ್ಲಿ ಮೇಲೆ ಗುಳ್ಳೆ ಏಳುತ್ತವೆ, ಕೆಳಗೆ ಕಂದು ಚುಕ್ಕೆ ಬೀಳುತ್ತವೆ. ಮಗುಚಿ, ಉರಿ ತಗ್ಗಿಸಿ, ಬೆಂದ ಬದಿಗೆ ಸಾಸ್ ತೆಳ್ಳಗೆ ಸವರಿ, ಚೀಸ್ ತುರಿದು ಹಾಕಿ, ಮೇಲೊಂದು ಪಾತ್ರೆ ಕವಿಚಿ ಮೂರು ನಾಲ್ಕು ನಿಮಿಷ ಬಿಡಿ. ಇಳಿಸುವಾಗ ಅಂಚಿಗೆ ನಿಮ್ಮೂರಿನ ಬೆಣ್ಣೆ ಸವರಿದರೆ ಯಾರೂ ಬೇಡವೆನ್ನುವುದಿಲ್ಲ. ನಾಲ್ಕು ಜನಕ್ಕೆ ಅಸಲಿ ಚೀಸ್ ಸೇರಿ ಖರ್ಚು ಇನ್ನೂರೈವತ್ತು ರೂಪಾಯಿ ದಾಟುವುದಿಲ್ಲ.

ಶುಕ್ರವಾರದ ಪಿಜ್ಜಾಕ್ಕೆ ಬುಧವಾರ ರಾತ್ರಿಯೇ ಹಿಟ್ಟು ಕಲಸಿ. ಶುಕ್ರವಾರ ಸಂಜೆ ಮಕ್ಕಳು ಶಾಲೆಯಿಂದ ಬಂದ ಹೊತ್ತಿಗೆ ಡಬ್ಬಿಯನ್ನು ಹೊರಗಿಡಿ, ಹಿಟ್ಟಿನ ತಣುವು ಬಿಡಲು ಒಂದೂವರೆ ಗಂಟೆ ಬೇಕು. ಮೊದಲ ಉಂಡೆಗೆ ಸಾಸೂ ಬೇಡ, ಚೀಸೂ ಬೇಡ. ಬರೀ ರೊಟ್ಟಿಯಾಗಿ ಬೇಯಿಸಿ, ಉಪ್ಪು ಎಣ್ಣೆ ಸವರಿ, ಹರಿದು ನಾಲ್ವರೂ ತಿನ್ನಿ. ಅದು ರುಚಿಯಾಗಿದ್ದರೆ ಉಳಿದ ಮೂರಕ್ಕೆ ಚೀಸ್ ಹಾಕಿ. ಸಪ್ಪೆಯಾಗಿದ್ದರೆ ಮುಂದಿನ ವಾರ ಹಿಟ್ಟನ್ನು ಇನ್ನೂ ಒಂದು ದಿನ ಮೊದಲೇ, ಮಂಗಳವಾರ ರಾತ್ರಿಯೇ ಕಲಸಿ.